ಮಳೆಗಾಲದಲ್ಲಿ ಸಂಜೆಯ ಕ್ಯಾರಿಯರ್ ಬೇಗ ಬರುತ್ತದೆ

ಪ್ರಿಯ ಗ್ರಾಹಕರೇ,

ಕಳೆದ ಮಳೆಗಾಲದ ಒಂದು ಸಂಜೆ. ಜೋರು ಮಳೆ, ರಸ್ತೆ ತುಂಬ ನೀರು. ನಮ್ಮ ಹುಡುಗ ಒಂದು ಮನೆಗೆ ಊಟದ ಕ್ಯಾರಿಯರ್ ಮುಟ್ಟಿಸುವಾಗ ಏಳೂವರೆ ದಾಟಿತ್ತು. ಆ ಮನೆಯ ಅಜ್ಜಿ ಕಾರ್ಕಳ ಕಡೆಯ ಜೈನರು. ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. "ಪರವಾಗಿಲ್ಲ ಮಗಾ, ಮೊದಲು ತಲೆ ಒರೆಸಿಕೋ" ಅಂದರಂತೆ. ಅವರು ಆ ರಾತ್ರಿ ನೀರನ್ನೂ ಕುಡಿಯದೆ ಮಲಗಿದ್ದು ನಮಗೆ ಮರುದಿನ ಗೊತ್ತಾಯಿತು. ತಪ್ಪು ನಮ್ಮದೇ. ಇಷ್ಟು ವರ್ಷ ಮಂಗಳೂರಿನಲ್ಲಿ ಅಡುಗೆ ಮಾಡುತ್ತಿರುವ ನಾವು ಇದನ್ನು ಮೊದಲೇ ಯೋಚಿಸಬೇಕಿತ್ತು.

ಹಾಗಾಗಿ ಈ ಸಲ ಆಷಾಢದಲ್ಲಿ ಚಾತುರ್ಮಾಸ, ಅಂದರೆ ಜೈನರ ಮಳೆಗಾಲದ ನಾಲ್ಕು ತಿಂಗಳ ವ್ರತಕಾಲ, ಶುರುವಾದಲ್ಲಿಂದ ದೀಪಾವಳಿ ತನಕ, ಕೇಳಿದವರಿಗೆ ಸಂಜೆಯ ಊಟ 5.15ರೊಳಗೆ ಮನೆಗೆ ಬರುತ್ತದೆ. ಜುಲೈಯಲ್ಲಿ ಸೂರ್ಯ ಮುಳುಗುವುದು ಏಳಕ್ಕಲ್ವಾ, ಇಷ್ಟು ಬೇಗ ಯಾಕೆ ಅಂತ ಕೆಲವರು ಕೇಳಿದರು. ಸೂರ್ಯಾಸ್ತಕ್ಕೆ 48 ನಿಮಿಷ ಇರುವಾಗಲೇ ಊಟ ಮುಗಿಸುವ ಮನೆಗಳಿವೆ. ಸೆಪ್ಟೆಂಬರ್‌ನಿಂದ 4.45ಕ್ಕೇ ಕೊಡುತ್ತೇವೆ.

ಅಡುಗೆಯೂ ಬೇರೆ ಒಲೆ, ಬೇರೆ ಪಾತ್ರೆಯಲ್ಲಿ. ನೀರುಳ್ಳಿ, ಬೆಳ್ಳುಳ್ಳಿ ಬಿಟ್ಟರೆ ಸಾಕು ಅಂತ ನಾವು ತಿಳಿದಿದ್ದೆವು. ಅಜ್ಜಿಯ ಹತ್ತಿರ ಕೂತು ಕೇಳಿದ ಮೇಲೆ ಪಟ್ಟಿ ಬೆಳೆಯಿತು. ಬಟಾಟೆ, ಕ್ಯಾರೆಟ್, ಮೂಲಂಗಿ, ಸುವರ್ಣಗಡ್ಡೆ ಯಾವುದೂ ಇಲ್ಲ. ಒಂದು ಗಡ್ಡೆಯಲ್ಲಿ ಲೆಕ್ಕವಿಲ್ಲದಷ್ಟು ಜೀವ ಇದೆ ಎಂಬುದು ಅವರ ನಂಬಿಕೆ. ಹಸಿಶುಂಠಿಯ ಬದಲು ಒಣಶುಂಠಿ. ಕಷಾಯಕ್ಕೆ ಜೇನು ಬೇಡ, ಬೆಲ್ಲ. ಮೊಸರಿಗೆ ಬೇಳೆಕಾಳು ಸೇರಬಾರದು, ಹಾಗಾಗಿ ತಂಬುಳಿಯ ಒಗ್ಗರಣೆಗೆ ಉದ್ದಿನಬೇಳೆಯೂ ಇಲ್ಲ. ಇದು ನಮಗೆ ನಿಜಕ್ಕೂ ಹೊಸತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸುತ್ತೇವೆ.

ಈ ಕ್ಯಾರಿಯರ್‌ನಲ್ಲಿ ಕೆಸುವಿನ ಎಲೆಯ ಪತ್ರೊಡೆ ಇರುವುದಿಲ್ಲ. ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ ಪತ್ರೊಡೆ ಇಲ್ಲ ಅಂದರೆ ನಮಗೇ ಬೇಜಾರು. ಆದರೆ ಮಳೆಯಲ್ಲಿ ಸೊಪ್ಪಿನ ಮೇಲೆ ಕಣ್ಣಿಗೆ ಕಾಣದ ಹುಳ ಜಾಸ್ತಿ, ಅದಕ್ಕೇ ಈ ನಾಲ್ಕು ತಿಂಗಳು ಸೊಪ್ಪು ಬಿಡುತ್ತಾರೆ. ನೆಲದ ಮೇಲಿನ ಜೀವ ತುಳಿಯಬಾರದು ಅಂತ ಮುನಿಗಳೂ ಈಗ ಊರೂರು ನಡೆಯದೆ ಒಂದೇ ಕಡೆ ಇರುತ್ತಾರೆ. ತೊಂಡೆ, ಪಡುವಲ, ಹೀರೆ, ಬಾಳೆಕಾಯಿ, ಮಂಗಳೂರು ಸೌತೆ ಇವೆಯಲ್ಲ, ರುಚಿಗೆ ಕೊರತೆ ಆಗದು.

ಭಾದ್ರಪದದ ದಶಲಕ್ಷಣ ಪರ್ವದ 10 ದಿನ ಹಲವರು ಒಂದೇ ಹೊತ್ತು ಉಣ್ಣುತ್ತಾರೆ. ಆ ದಿನಗಳಲ್ಲಿ ಸಂಜೆಯ ಊಟ ಬೇಡದವರು ತಿಳಿಸಿ, ತಿಂಗಳ ಬಿಲ್ಲಿನಲ್ಲಿ ಕಳೆಯುತ್ತೇವೆ.

ಉಳಿದವರ ಊಟ, ಸಮಯ ಎಲ್ಲ ಮೊದಲಿನ ಹಾಗೆಯೇ. ದರವೂ ಅಷ್ಟೇ. ಬೇಗದ ಕ್ಯಾರಿಯರ್ ಬೇಕಾದವರು ಹಿಂದಿನ ದಿನ ರಾತ್ರಿಯೊಳಗೆ ಹೇಳಿದರೆ ಸಾಕು. ಮೊದಲ ದಿನದ ಮೊದಲ ಕ್ಯಾರಿಯರ್ ಆ ಅಜ್ಜಿಯ ಮನೆಗೆ.

ಇಂತಿ,
ನಿಮ್ಮ ಅಡುಗೆಮನೆಯವರು
ಮಂಗಳೂರು