ಜೊತೆಗೆ ನಿಂತವರಿಗೆ ವಂದನೆಗಳು

ನಮ್ಮ ಕುಟುಂಬಶ್ರೀ ಅಯಲ್‌ಕೂಟದ (ಕೇರಳದ ನೆರೆಹೊರೆ ಹೆಂಗಸರ ಸ್ವಸಹಾಯ ಗುಂಪಿನ) ಸಹೋದರಿಯೊಬ್ಬರನ್ನು ಗಂಡನ ಮನೆಯಿಂದ ಹೊರಹಾಕಕೂಡದೆಂದು ಮ್ಯಾಜಿಸ್ಟ್ರೇಟ್ ನ್ಯಾಯಾಲಯವು ಕಳೆದ ವಾರ ಆದೇಶ ನೀಡಿದೆ. ಆಕೆಯ ಒಪ್ಪಿಗೆ ಪಡೆದು, ಹೆಸರು ಹೇಳದೆ, ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ, ಪೈವಳಿಕೆ ಭಾಗದ ಬಂಧುಗಳ ಮುಂದೆ ಈ ಕೃತಜ್ಞತೆಯನ್ನು ಸಲ್ಲಿಸುತ್ತಿದ್ದೇನೆ.

ಮೊದಲು ದೂರು ಕೊಟ್ಟ ಕಡೆಯಲ್ಲಿ ಆಕೆ ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಮಲಯಾಳದ ನಾಲ್ಕು ಸಾಲಿಗೆ ಇಳಿಸಿ ಸಹಿ ಹಾಕಿಸಿಕೊಂಡಿದ್ದರು. ಆಕೆಗೆ ಓದಲು ಬಾರದ ಆ ಕಾಗದದಲ್ಲಿ ವರ್ಷಗಳ ಹೊಡೆತವೆಲ್ಲ ಬರಿಯ ಮನಸ್ತಾಪವಾಗಿತ್ತು. ಕೌಟುಂಬಿಕ ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗಲು ಸರಕಾರ ನೇಮಿಸಿದ ಸಂರಕ್ಷಣಾಧಿಕಾರಿಯವರು ಹಾಗೆ ಮಾಡಲಿಲ್ಲ. ನ್ಯಾಯಾಲಯಕ್ಕೆ ಕೊಡುವ ದೌರ್ಜನ್ಯದ ವರದಿಯನ್ನು ಒಂದೊಂದೇ ವಾಕ್ಯವಾಗಿ ಓದಿದರು, ನಮ್ಮ ಅಂಗನವಾಡಿ ಶಿಕ್ಷಕಿ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳಿದರು. "ತಳ್ಳಿದ್ದಲ್ಲ, ಜುಟ್ಟು ಹಿಡಿದು ಅಂಗಳದವರೆಗೆ ಎಳೆದದ್ದು" ಎಂದು ಆಕೆ ತಡೆದಾಗ ಅಧಿಕಾರಿ ಮರುಮಾತಿಲ್ಲದೆ ಆ ಸಾಲನ್ನು ಹೊಡೆದು ಹೊಸದಾಗಿ ಬರೆದರು. ಈ ಇಬ್ಬರ ತಾಳ್ಮೆಗೆ ನಾನು ಎಷ್ಟು ಋಣಿಯಾಗಿದ್ದರೂ ಸಾಲದು. ಕಾಸರಗೋಡಿನ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ. ಪೆಟ್ಟು ತಿಂದು ಬಂದ ಹೆಣ್ಣಿಗೆ ಅದು ಮೊದಲು ದೊರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಒದಗಿಸಿದ ವಕೀಲೆಗೂ ನಮ್ಮ ವಂದನೆಗಳು. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಈ ನೆರವು ಉಚಿತವೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ಮನೆ ಮಾವನ ಹೆಸರಿನಲ್ಲಿದೆ, ಸೊಸೆಗೆ ಹಕ್ಕಿಲ್ಲ ಎಂಬ ವಾದ ಬಂದಾಗ ಅವರು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಕೂಡುವಾಸದ ಮನೆಯಲ್ಲಿ, ಅಂದರೆ ಗಂಡನೊಡನೆ ಒಟ್ಟಿಗೆ ಬಾಳಿದ ಮನೆಯಲ್ಲಿ, ಇರುವ ಹಕ್ಕನ್ನು ಹೆಣ್ಣಿಗೆ ಕೊಡುವ 17ನೇ ಕಲಮನ್ನೂ, ಗಂಡನ ಬಂಧುಗಳ ಹೆಸರಿನ ಮನೆಯೂ ಕೂಡುವಾಸದ ಮನೆಯಾಗಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ನೀಡಿದ ತೀರ್ಪನ್ನೂ ಮುಂದಿಟ್ಟರು.

ವಿಚಾರಣೆಯ ದಿನಗಳಲ್ಲಿ ಬೀಡಿ ಕಟ್ಟುವ ಕೆಲಸ ಬಿಟ್ಟು, ಅಂದಿನ ಕೂಲಿ ಕಳೆದುಕೊಂಡು ಕೋರ್ಟಿನ ಜಗಲಿಯಲ್ಲಿ ಕಾದು ಕುಳಿತ ಅಯಲ್‌ಕೂಟದ ಅಕ್ಕಂದಿರು, ಮಕ್ಕಳಿಗೆ ಊಟ ಹಾಕಿದ ನೆರೆಮನೆಯವರು, ಎಲ್ಲರಿಗೂ ವಂದನೆಗಳು. ಎಲ್ಲರಿಗಿಂತ ಹೆಚ್ಚಾಗಿ ಆ ಸಹೋದರಿಗೆ: ಅಷ್ಟು ಜನರೆದುರು ಅದನ್ನೆಲ್ಲ ಮತ್ತೆ ಮತ್ತೆ ಹೇಳಬೇಕಾಗಿ ಬಂದರೂ ಆಕೆ ಹಿಂದೆ ಸರಿಯಲಿಲ್ಲ.

ಜೀವನಾಂಶದ ಅರ್ಜಿ ಇನ್ನೂ ಬಾಕಿಯಿದೆ, ಅದಕ್ಕೂ ನಾವು ಜೊತೆಗಿರುತ್ತೇವೆ. ಇಂಥ ಕಷ್ಟದಲ್ಲಿರುವವರು ಹಗಲಾಗಲಿ ರಾತ್ರಿಯಾಗಲಿ ಮಹಿಳಾ ಸಹಾಯವಾಣಿ 181ಕ್ಕೆ ಕರೆಮಾಡಬಹುದು. ಕಚೇರಿಗೆ ಹೋಗುವಾಗ ಕನ್ನಡ ಬಲ್ಲ ಜೊತೆ ಬೇಕಾದರೆ ನಿಮ್ಮ ವಾರ್ಡಿನ ಅಯಲ್‌ಕೂಟಕ್ಕೆ ತಿಳಿಸಿ, ನಮ್ಮಲ್ಲೊಬ್ಬರು ಖಂಡಿತ ಬರುತ್ತೇವೆ.