ಜೆಸಿಬಿ ಬರುವ ಮೊದಲು ಗುಂಡಿಯ ಲೆಕ್ಕ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಮುಂಗಾರು ಹಿಡಿಯುವುದರೊಳಗೆ ಪಾಯ ನೆಲದಿಂದ ಮೇಲೆ ಬರಬೇಕು ಎಂಬ ಅವಸರದಲ್ಲಿ ಯುಗಾದಿ ಕಳೆದ ಕೂಡಲೇ ಹೊಸ ಬಡಾವಣೆಗಳಲ್ಲಿ ಗುದ್ದಲಿ ಪೂಜೆಗಳು ಸಾಲುಗಟ್ಟುತ್ತವೆ. ಗುದ್ದಲಿ ಮೂರು ಸಲ ನೆಲಕ್ಕೆ ತಾಗಿದರೆ ಅದರ ಕೆಲಸ ಮುಗಿಯಿತು, ಉಳಿದದ್ದೆಲ್ಲ ಜೆಸಿಬಿಯದು. ಆಮೇಲೆ ಗುಂಡಿ ಸೊಟ್ಟಗಾದರೆ, ಪಕ್ಕದ ಮನೆಯ ಕಾಂಪೌಂಡ್ ಜರುಗಿದರೆ, ನೀರಿನ ಪೈಪ್ ಒಡೆದರೆ ಬೈಗುಳ ಮಾತ್ರ ಆಪರೇಟರ್ ಪಾಲಿಗೆ. ತಪ್ಪಿನ ಬಹುಪಾಲು ಗಾಡಿ ಸೈಟಿಗೆ ಬರುವ ಮೊದಲೇ ಆಗಿಹೋಗಿರುತ್ತದೆ. ಮನೆ ಕಟ್ಟಿಸುವವರು ಗಂಟೆಯ ಬಾಡಿಗೆಯಲ್ಲಿ ನೂರು ರೂಪಾಯಿ ಇಳಿಸಲು ಅರ್ಧ ದಿನ ಚೌಕಾಸಿ ಮಾಡುತ್ತಾರೆ. ಎಷ್ಟು ಗುಂಡಿ, ಎಷ್ಟು ಆಳ, ಮಣ್ಣು ಎಲ್ಲಿ ಹಾಕುವುದು ಎಂದು ಆಪರೇಟರ್‌ಗೆ ಹೇಳಲು ಐದು ನಿಮಿಷ ಇರುವುದಿಲ್ಲ.

ಮೊದಲನೆಯದು, ಯಾವ ಗಾಡಿ ಬೇಕು ಎನ್ನುವುದು. ನಮ್ಮಲ್ಲಿ ನಾಲ್ಕು ಚಕ್ರದ ಹಳದಿ ಗಾಡಿಗಳೆಲ್ಲ ಜೆಸಿಬಿ, ಚೈನ್ ಮೇಲೆ ಓಡುವುದೆಲ್ಲ ಹಿಟಾಚಿ. ಎರಡೂ ಕಂಪನಿಯ ಹೆಸರುಗಳು. ಹಿಟಾಚಿ ಎನ್ನುವ ಹೆಸರು ನಮ್ಮ ಬಾಯಿಗೆ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ, ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲೇ ಇದೆ. ಸಾಮಾನ್ಯ ಜೆಸಿಬಿಗೆ ಮುಂದೆ ಮಣ್ಣು ತುಂಬುವ ದೊಡ್ಡ ಬಕೆಟ್, ಹಿಂದೆ ಅಗೆಯುವ ಕೈ. ಓಡಾಡುವಾಗ ಅದರ ಉದ್ದ ಸುಮಾರು 20 ಅಡಿ, ಅಗಲ ಸುಮಾರು 8 ಅಡಿ, ತೂಕ ಏಳೂವರೆ ಟನ್ ಆಸುಪಾಸು. 30×40 ಸೈಟಿನಲ್ಲಿ ಇದು ಕಷ್ಟಪಟ್ಟು ತಿರುಗುತ್ತದೆ. 20×30 ಸೈಟಿಗೆ, ಅದೂ ಎರಡು ಪಕ್ಕ ಮನೆ ಇದ್ದರೆ, ಮೂರು ಮೂರೂವರೆ ಟನ್ನಿನ ಮಿನಿ ಹಿಟಾಚಿಯೇ ಸರಿ. ಬಾಡಿಗೆ ಹೆಚ್ಚು ಎನಿಸಿದರೂ ದೊಡ್ಡ ಗಾಡಿ ಹಿಂದೆ ಮುಂದೆ ಒದ್ದಾಡುವ ಸಮಯ ಉಳಿಯುತ್ತದೆ. ಗುಂಡಿಯ ಅಂಚು ತುಳಿದು ಕುಸಿಯುವುದೂ ತಪ್ಪುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಹನ್ನೆರಡು ಪಿಲ್ಲರಿನ ಮನೆ, ಪ್ರತಿ ಪಿಲ್ಲರಿಗೂ 4×4 ಅಡಿ ಫುಟಿಂಗ್ (ಬುಡದ ಕಾಂಕ್ರೀಟ್ ಪಾದ) ಎಂದಿಟ್ಟುಕೊಳ್ಳಿ. ಕಾಂಕ್ರೀಟಿಗೆ ಹಲಗೆಯ ಪೆಟ್ಟಿಗೆ ಕಟ್ಟಲು, ಮೇಸ್ತ್ರಿ ನಿಲ್ಲಲು ಸುತ್ತ ಅರ್ಧ ಅಡಿ ಬಿಟ್ಟರೆ ಗುಂಡಿ 5×5 ಆಗುತ್ತದೆ. ಆಳ 5 ಅಡಿ ಎಂದರೆ ಒಂದು ಗುಂಡಿಗೆ 125 ಘನ ಅಡಿ, ಹನ್ನೆರಡಕ್ಕೆ 1,500 ಘನ ಅಡಿ. ನೆಲದಲ್ಲಿ ಬಿಗಿಯಾಗಿದ್ದ ಮಣ್ಣು ಮೇಲೆ ಬಂದ ಕೂಡಲೇ ಕಾಲುಭಾಗದಷ್ಟು ಉಬ್ಬುತ್ತದೆ. ಹಾಗಾಗಿ ರಾಶಿಯಲ್ಲಿ ಅದು 1,900 ಘನ ಅಡಿಯ ಹತ್ತಿರ ಇರುತ್ತದೆ, ನೂರು ಘನ ಅಡಿಯ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಸುಮಾರು ಹತ್ತೊಂಬತ್ತು ಲೋಡು.

ಹಣ ಸೋರುವುದು ಇಲ್ಲೇ. ಗುಂಡಿಯಲ್ಲಿ ಬೆಡ್ ಕಾಂಕ್ರೀಟ್ (ತಳಕ್ಕೆ ಹಾಸುವ ಕಾಂಕ್ರೀಟ್), ಫುಟಿಂಗ್, ಪಿಲ್ಲರಿನ ಬುಡ ಸೇರಿ ಹಿಡಿಯುವ ಜಾಗ 125ರಲ್ಲಿ ಸುಮಾರು 30 ಘನ ಅಡಿ ಮಾತ್ರ. ಮಿಕ್ಕ ಜಾಗಕ್ಕೆ ಅದೇ ಮಣ್ಣು ವಾಪಸ್ ಹೋಗಬೇಕು. ಅದರ ಮೇಲೆ ಪ್ಲಿಂತ್, ಅಂದರೆ ಮನೆಯ ನೆಲ ಎತ್ತರಿಸುವ ಜಾಗ, ತುಂಬುವುದಿದೆ. 900 ಚದರ ಅಡಿಯ ಮನೆಗೆ 2 ಅಡಿ ಏರಿಸಿದರೆ 1,800 ಘನ ಅಡಿ ಮಣ್ಣು ಬೇಕು. ಆದರೆ ಸೈಟು ಚೊಕ್ಕಟವಾಗಲಿ ಎಂದು ಮೊದಲ ದಿನವೇ ಅಷ್ಟೂ ಮಣ್ಣನ್ನು ದುಡ್ಡು ಕೊಟ್ಟು ಹೊರಹಾಕಿಸಿ, ತಿಂಗಳ ನಂತರ ಮತ್ತೆ ದುಡ್ಡು ಕೊಟ್ಟು ಕೆಂಪು ಮಣ್ಣು ತರಿಸುತ್ತಾರೆ. ಪಕ್ಕದ ಖಾಲಿ ಸೈಟಿನವರನ್ನು ಕೇಳಿ ರಾಶಿ ಹಾಕಿಸಿದರೆ ಮುಗಿಯುತ್ತಿತ್ತು. ಎರೆಮಣ್ಣಿನ ನೆಲದಲ್ಲಿ ಮಾತ್ರ ಈ ಮಾತು ನಡೆಯದು. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುವ ಆ ಮಣ್ಣನ್ನು ನೆಲಹಾಸಿನ ಕೆಳಗೆ ತುಂಬಿದರೆ ಟೈಲ್ಸ್ ಎದ್ದು ಕೂರುತ್ತವೆ. ಅದನ್ನು ಹೊರಗೆ ಕಳಿಸಲೇಬೇಕು.

ಗಂಟೆ ಮೀಟರ್ ಬಗ್ಗೆ ಜಗಳವಿಲ್ಲದ ಸೈಟು ಅಪರೂಪ. ಮೀಟರಿನ ಕೊನೆಯ ಅಂಕಿ ಗಂಟೆಯ ಹತ್ತನೇ ಒಂದು ಭಾಗ, ಅಂದರೆ 0.1ಕ್ಕೆ 6 ನಿಮಿಷ. ಶುರುವಿನಲ್ಲಿ 4312.4, ಮುಗಿದಾಗ 4315.9 ಇದ್ದರೆ ಆದದ್ದು ಮೂರೂವರೆ ಗಂಟೆ, 3 ಗಂಟೆ 50 ನಿಮಿಷ ಅಲ್ಲ. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಮೀಟರ್ ಓಡುತ್ತದೆ, ಬಕೆಟ್ ಅಗೆಯುತ್ತಿದೆಯೋ ಸುಮ್ಮನೆ ನಿಂತಿದೆಯೋ ಅದಕ್ಕೆ ಬೇಕಿಲ್ಲ. ಶುರುವಿನ ಅಂಕಿಯನ್ನು ಆಪರೇಟರ್ ಎದುರಿಗೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಸಂಜೆಯ ವಾದವೇ ಇರುವುದಿಲ್ಲ. ಬರುವ ಹೋಗುವ ದಾರಿಯ ಗಂಟೆ ಯಾರ ಲೆಕ್ಕಕ್ಕೆ, ಕನಿಷ್ಠ ಎಷ್ಟು ಗಂಟೆಯ ಬಾಡಿಗೆ, ಆಪರೇಟರಿನ ಬಾಟಾ (ದಿನಭತ್ಯೆ) ಯಾರು ಕೊಡಬೇಕು, ಈ ಮೂರನ್ನೂ ಗಾಡಿ ಕರೆಸುವಾಗಲೇ ಮಾತಾಡಿಕೊಳ್ಳಬೇಕು.

ನಿಂತ ಗಾಡಿಯ ಗಂಟೆಯೇ ದುಬಾರಿ. ಮಣ್ಣು ಹೊರಗೆ ಕಳಿಸುವ ಕೆಲಸದಲ್ಲಿ ಒಂದೇ ಟಿಪ್ಪರ್ ಇಟ್ಟುಕೊಂಡವರು ಇದನ್ನು ಗಮನಿಸಬೇಕು. ಮುಂದಿನ ಬಕೆಟ್‌ನಲ್ಲಿ ಒಂದು ಸಲಕ್ಕೆ ಹೆಚ್ಚುಕಡಿಮೆ ಒಂದು ಘನ ಮೀಟರ್ ಮಣ್ಣು ಬರುತ್ತದೆ. ಚಿಕ್ಕ ಟಿಪ್ಪರ್ ಐದಾರು ಬಕೆಟ್‌ಗೆ, ಅಷ್ಟೇ ನಿಮಿಷಕ್ಕೆ ತುಂಬುತ್ತದೆ. ಅದು ಸುರಿದು ಬರಲು ನಲವತ್ತು ನಿಮಿಷ ಹಿಡಿದರೆ ಅಷ್ಟೂ ಹೊತ್ತು ಜೆಸಿಬಿ ಡೀಸೆಲ್ ಕುಡಿಯುತ್ತಾ ಕಾಯುತ್ತದೆ. ಮೂರು ಟಿಪ್ಪರ್ ಹೊಂದಿಸಿಕೊಳ್ಳಿ, ಇಲ್ಲವೇ ಅಗೆಯುವುದನ್ನೆಲ್ಲ ಮೊದಲು ಮುಗಿಸಿ ರಾಶಿ ಮಾಡಿ ಕೊನೆಗೆ ಒಟ್ಟಿಗೆ ತುಂಬಿಸಿ. ಗಾಡಿ ಕಾಯುವಾಗ ಎಂಜಿನ್ ನಿಲ್ಲಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬ್ಯಾಟರಿ ಸೊರಗಿದೆ ಎಂದು ನಿಲ್ಲಿಸಲು ಒಪ್ಪದ ಗಾಡಿ ಬಾಡಿಗೆಗೆ ಬರಬಾರದು.

ಅಗೆಯುವ ಕ್ರಮ ಸೈಟಿನ ಹಿಂಬದಿಯಿಂದ ರಸ್ತೆಯ ಕಡೆಗೆ ಇರಬೇಕು. ರಸ್ತೆ ಬದಿಯಿಂದ ಶುರುಮಾಡಿದರೆ ಕೊನೆಗೆ ಗಾಡಿ ತಾನೇ ತೋಡಿದ ಗುಂಡಿಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಹೊರಬರಲು ಎರಡು ಗುಂಡಿ ಮುಚ್ಚಬೇಕಾಗುತ್ತದೆ. ಮುಚ್ಚಿ ಮತ್ತೆ ತೋಡಿದ ಗುಂಡಿ ಎಂದಿಗೂ ಮೊದಲಿನಂತಿರುವುದಿಲ್ಲ. ಸುಣ್ಣದ ಗೆರೆಯನ್ನು ಗಾಡಿಯ ಚಕ್ರ ಅಳಿಸಿಹಾಕುವುದರಿಂದ ಸೆಂಟರ್ ಲೈನಿನ (ಪಿಲ್ಲರುಗಳ ನಡುಗೆರೆಯ) ಗೂಟಗಳನ್ನು ಗುಂಡಿಯಿಂದ ಮೂರು ನಾಲ್ಕು ಅಡಿ ಆಚೆ ಹೊಡೆದು ದಾರ ಕಟ್ಟುವಂತಿರಬೇಕು.

ಆಳದ ವಿಷಯದಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕು. ಹಿಂದಿನ ಬಕೆಟ್‌ಗೆ ಹಲ್ಲುಗಳಿವೆ. ಅವು ನೆಲ ಮುಟ್ಟಿದಲ್ಲಿ ಕೆಳಗಿನ ಗಟ್ಟಿ ಮಣ್ಣು ಕೆದರಿ ಸಡಿಲಾಗುತ್ತದೆ. ಆದ್ದರಿಂದ ಬೇಕಾದ ಆಳಕ್ಕಿಂತ ಅರ್ಧ ಅಡಿ ಮೇಲೆಯೇ ಯಂತ್ರ ನಿಲ್ಲಿಸಿ, ಉಳಿದದ್ದನ್ನು ಗುದ್ದಲಿ, ಸಲಿಕೆಯಲ್ಲಿ ಕೈಯಿಂದ ತೆಗೆದು ಮಟ್ಟ ಮಾಡಬೇಕು. ಕೆಲವು ಆಪರೇಟರ್‌ಗಳು ಹಲ್ಲುಗಳ ಮೇಲೆ ಅಡ್ಡಪಟ್ಟಿ ಬೆಸುಗೆ ಹಾಕಿಸಿಕೊಂಡು ತಳವನ್ನು ಹೆರೆದಂತೆ ನಯವಾಗಿ ತೆಗೆಯುತ್ತಾರೆ. ಅಂಥವರು ಸಿಕ್ಕರೆ ಹತ್ತಿಪ್ಪತ್ತು ನಿಮಿಷ ಹೆಚ್ಚು ಹಿಡಿದರೂ ಬಿಡಬೇಡಿ. ಮಟ್ಟ ನೋಡುವ ನೀರಿನ ಟ್ಯೂಬ್ ಹಿಡಿದು ಪ್ರತಿ ಗುಂಡಿಗೂ ಆಳ ನೋಡುವ ಒಬ್ಬ ಮೇಸ್ತ್ರಿ ಗಾಡಿ ಇರುವಷ್ಟು ಹೊತ್ತೂ ಸ್ಥಳದಲ್ಲಿರಬೇಕು. ಸೀಟಿನಿಂದ ನೋಡಿದರೆ ಐದಡಿಗೂ ಐದೂವರೆ ಅಡಿಗೂ ವ್ಯತ್ಯಾಸ ಕಾಣುವುದಿಲ್ಲ.

ಅರ್ಧ ಅಡಿ ಹೆಚ್ಚು ಹೋಯಿತು, ಮಣ್ಣು ಹಾಕಿ ತುಳಿದುಬಿಡಿ ಎನ್ನುವುದು ಎಲ್ಲ ಕಡೆ ಕೇಳುವ ಮಾತು. ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಹನ್ನೊಂದು ಪಿಲ್ಲರ್ ಗಟ್ಟಿ ನೆಲದ ಮೇಲೆ, ಹನ್ನೆರಡನೆಯದು ತುಂಬಿದ ಮಣ್ಣಿನ ಮೇಲೆ ನಿಂತರೆ ಎರಡು ಮಳೆಗಾಲದೊಳಗೆ ಆ ಮೂಲೆ ಕೂತು, ಬಾಗಿಲ ಮೇಲಿನ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ. ಹೆಚ್ಚಾದ ಆಳವನ್ನು ಬೆಡ್ ಕಾಂಕ್ರೀಟಿನಿಂದಲೇ ತುಂಬಬೇಕು. ಅದರ ದಂಡ ಎಷ್ಟು ನೋಡಿ. 5×5 ಗುಂಡಿಗೆ ಅರ್ಧ ಅಡಿ ಎಂದರೆ ಹನ್ನೆರಡೂವರೆ ಘನ ಅಡಿ, ಹನ್ನೆರಡು ಗುಂಡಿಗೆ 150 ಘನ ಅಡಿ. 1:4:8 (ಸಿಮೆಂಟು, ಮರಳು, ಜಲ್ಲಿ) ಮಿಶ್ರಣದಲ್ಲಿ ಹದಿನಾಲ್ಕು ಹದಿನೈದು ಮೂಟೆ ಸಿಮೆಂಟು, ಅದಕ್ಕೆ ತಕ್ಕ ಮರಳು, ಜಲ್ಲಿ ಭೂಮಿಗೆ ಹೋಗುತ್ತದೆ. ಬಾಡಿಗೆಯ ಚೌಕಾಸಿಯಲ್ಲಿ ಉಳಿಸಿದ್ದು ಇದರ ಮುಂದೆ ಏನೂ ಅಲ್ಲ.

ತೋಡಿದ ಗುಂಡಿಯನ್ನು ವಾರಗಟ್ಟಲೆ ಬಿಡುವುದೂ ತಪ್ಪು. ಒಂದು ಮಳೆ ಬಿದ್ದು ನೀರು ನಿಂತರೆ ತಳದ ಮಣ್ಣು ಕೆಸರಾಗುತ್ತದೆ. ಆ ಪದರವನ್ನು ಕೆರೆದು ತೆಗೆಯದೆ ಕಾಂಕ್ರೀಟ್ ಹಾಕಬಾರದು. ಎಂಜಿನಿಯರ್ ನೋಡಿ ಒಪ್ಪಿದ ದಿನವೇ ಬೆಡ್ ಹಾಕಲು ಜಲ್ಲಿ, ಸಿಮೆಂಟು, ಕಾಂಕ್ರೀಟ್ ಕಲಸುವ ಮಿಲ್ಲರ್ ಸಿದ್ಧವಿರುವಂತೆ ನೋಡಿಕೊಂಡು ಆಮೇಲೆ ಜೆಸಿಬಿ ಕರೆಸುವುದು ಜಾಣತನ.

ಜೀವದ ಪ್ರಶ್ನೆ ಬರುವುದು ಗುಂಡಿಯ ಅಂಚಿನಲ್ಲಿ. ತೋಡಿದ ಮಣ್ಣನ್ನು ಅಂಚಿನಿಂದ ಕನಿಷ್ಠ ಒಂದೂವರೆ ಮೀಟರ್, ಇಲ್ಲವೇ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು ಎನ್ನುವುದು ಅಗೆತದ ಸುರಕ್ಷತೆಯ ನಿಯಮ. ಒಂದೂವರೆ ಮೀಟರಿಗಿಂತ ಆಳದ ಕಂದಕಕ್ಕೆ ಹಲಗೆ, ದಿಮ್ಮಿಯ ಆಸರೆ ಕೊಡಬೇಕು, ಇಲ್ಲವೇ ಪಕ್ಕ ಇಳಿಜಾರಾಗಿರಬೇಕು. ಕಾಣುವುದು ಮಾತ್ರ ಅಂಚಿಗೇ ಆತುಕೊಂಡ ಮಣ್ಣಿನ ಗುಡ್ಡೆ, ಕೆಳಗೆ ತಳ ಕೆರೆಯುತ್ತಿರುವ ಇಬ್ಬರು, ಮೇಲೆ ಅಲುಗುವ ಗಾಡಿ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಮಿಗಿಲು. ಎದೆಯವರೆಗೆ ಹೂತರೆ ತಲೆ ಹೊರಗಿದ್ದರೂ ಉಸಿರಾಡಲು ಆಗುವುದಿಲ್ಲ. ಗಾಡಿ ಕೆಲಸ ಮಾಡುತ್ತಿರುವಾಗ ಆ ಗುಂಡಿಯಲ್ಲಾಗಲಿ, ಹಿಂದಿನ ಕೈ ಸುತ್ತುವ ವ್ಯಾಪ್ತಿಯಲ್ಲಾಗಲಿ ಯಾರೂ ಇರಕೂಡದು. ಗಾಡಿಯ ಎರಡು ಆಸರೆ ಕಾಲುಗಳು ಹಳೆಯ ಪಾಯಖಾನೆ ಗುಂಡಿ, ಮುಚ್ಚಿದ ಬಾವಿ, ಸಂಪಿನ ಮುಚ್ಚಳ, ಇವುಗಳ ಮೇಲೆ ಬಂದರೆ ಇಡೀ ಗಾಡಿ ವಾಲುತ್ತದೆ. ಇವೆಲ್ಲ ಎಲ್ಲಿವೆ ಎಂಬುದು ಆಪರೇಟರ್‌ಗೆ ಕನಸು ಬೀಳುವುದಿಲ್ಲ, ಜಾಗದವರೇ ತೋರಿಸಬೇಕು.

ಪಕ್ಕದಲ್ಲಿ ಹಳೆಯ ಮನೆ ಇದ್ದರೆ ಅದರ ಪಾಯದ ಆಳ ಮೊದಲು ತಿಳಿಯಬೇಕು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಸೈಜುಗಲ್ಲಿನ ಪಾಯ ಎರಡು ಮೂರು ಅಡಿಗೇ ನಿಂತಿರಬಹುದು. ಅದರ ತಳದಿಂದ 45 ಡಿಗ್ರಿ ಇಳಿಜಾರಿನ ಗೆರೆ ಎಳೆದುಕೊಳ್ಳಿ. ಆ ಗೆರೆಯ ಕೆಳಗಿನ ಮಣ್ಣನ್ನು ಒಂದೇ ಏಟಿಗೆ ತೆಗೆದರೆ ಪಕ್ಕದ ಗೋಡೆ ಕೆಳಗಿಳಿಯುತ್ತದೆ. ಅಂಥ ಕಡೆ ಗುಂಡಿಗಳನ್ನು ಒಂದು ಬಿಟ್ಟು ಒಂದು ತೋಡಿ, ಫುಟಿಂಗ್ ಹಾಕಿ, ಮಣ್ಣು ತುಂಬಿ ಗಟ್ಟಿ ಮಾಡಿದ ಮೇಲೆ ನಡುವಿನವನ್ನು ತೋಡಬೇಕು. ಜೆಸಿಬಿಗೆ ಎರಡು ಸಲ ಬಾಡಿಗೆ ಬೀಳುತ್ತದೆ, ಬೀಳಲಿ.

ನೆಲದೊಳಗಿನ ಪೈಪು, ಕೇಬಲ್‌ಗಳಿಗೆ 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ (ಅಗೆಯುವ ಮೊದಲು ಕರೆ ಮಾಡಿ) ಎಂಬ ಆ್ಯಪ್ ತಂದಿದೆ. ರಸ್ತೆ ಅಗೆಯುವ ಗುತ್ತಿಗೆದಾರರೇ ಬಳಸುವುದು ಕಡಿಮೆ, ಮನೆ ಕಟ್ಟಿಸುವವರಿಗಂತೂ ಹೆಸರೇ ಗೊತ್ತಿಲ್ಲ. ಮೇಲಿನ ತಂತಿಯ ಅಪಾಯ ಇನ್ನೂ ದೊಡ್ಡದು. 11 ಕೆವಿ ತಂತಿಯನ್ನು ಬಕೆಟ್ ತಾಕಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಕಿಡಿ ಹಾರುತ್ತದೆ. ಮೂರು ಮೀಟರಿನ ಅಂತರ ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ ಲೈನಿನ ಕರೆಂಟ್ ತೆಗೆಸಿದ ಮೇಲೆಯೇ ಕೆಲಸ. ಮಣ್ಣು ಸುರಿದು ತೊಟ್ಟಿ ಇಳಿಸದೆ ಮುಂದಕ್ಕೆ ಹೋಗುವ ಟಿಪ್ಪರ್‌ಗಳಿಗೂ ಇದೇ ಮಾತು. ಗಾಡಿಗೆ ವಿದ್ಯುತ್ ತಗುಲಿದರೆ ಆಪರೇಟರ್ ಸೀಟಿನಲ್ಲೇ ಕೂತಿರಬೇಕು, ಹೊರಗಿನವರು ಹತ್ತಿರ ಬರಬಾರದು. ಬೆಂಕಿ ಹೊತ್ತಿ ಇಳಿಯಲೇಬೇಕಾದರೆ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಹಾರಿ, ಕಾಲು ಜೋಡಿಸಿಕೊಂಡೇ ಕುಪ್ಪಳಿಸುತ್ತಾ ದೂರ ಹೋಗಬೇಕು.

ಬಂಡೆ ಸಿಕ್ಕರೆ ಅದನ್ನು ಕುಟ್ಟಿ ಒಡೆಯುವ ಉಳಿ ಇರುವ ಬ್ರೇಕರ್ ಗಾಡಿ ಬರುತ್ತದೆ, ಲೆಕ್ಕ ಬೇರೆಯಾಗುತ್ತದೆ. ಒಂದೇ ಜಾಗದಲ್ಲಿ ಅರ್ಧ ನಿಮಿಷ ಕುಟ್ಟಿದರೂ ಸೀಳದಿದ್ದರೆ ಒಳ್ಳೆಯ ಆಪರೇಟರ್ ಉಳಿಯನ್ನು ಬಂಡೆಯ ಅಂಚಿನ ಕಡೆಗೆ ಸರಿಸುತ್ತಾನೆ. ಅಲ್ಲೇ ಕುಟ್ಟುತ್ತಾ ಕೂತರೆ ಉಳಿಯ ಮೊನೆ ಕಾದು ಮೆತ್ತಗಾಗುತ್ತದೆ, ಮೀಟರ್ ಮಾತ್ರ ಓಡುತ್ತದೆ.

ಗಾಡಿಯ ಆರೋಗ್ಯ ನೋಡಲು ಎಂಜಿನಿಯರೇ ಆಗಬೇಕಿಲ್ಲ. ಹಿಂದಿನ ಕೈಯನ್ನು ನೆಲದಿಂದ ಎತ್ತಿ ಎಂಜಿನ್ ನಿಲ್ಲಿಸಿ, ದೂರ ನಿಂತು ಐದು ನಿಮಿಷ ನೋಡಿ. ತಾನಾಗಿ ಕೆಳಗಿಳಿಯುತ್ತಿದ್ದರೆ ಸಿಲಿಂಡರ್ ಸೀಲು ಅಥವಾ ವಾಲ್ವ್ ಸೋರುತ್ತಿದೆ. ಬಕೆಟ್ ಅಲ್ಲಾಡಿಸಿದಾಗ ಪಿನ್ನುಗಳಲ್ಲಿ ಟಕಟಕ ಆಟ ಇದ್ದರೆ ಗ್ರೀಸ್ ಕಾಣದೆ ಬುಷ್ ಸವೆದಿದೆ, ಅಂಥ ಗಾಡಿಯಲ್ಲಿ ಎಷ್ಟೇ ನಿಪುಣ ಕೂತರೂ ಗುಂಡಿಯ ಪಕ್ಕ ನೇರ ಬರುವುದಿಲ್ಲ. ಹಿಂದಕ್ಕೆ ಬರುವಾಗಿನ ಹಾರ್ನ್ ಕೂಗದಿದ್ದರೆ ಮಕ್ಕಳಿರುವ ಬೀದಿಗೆ ಗಾಡಿ ತರಲೇಬಾರದು.

ಇನ್ನು ಸೀಟಿನಲ್ಲಿ ಕೂತವನ ವಿಚಾರ. ಕ್ಲೀನರ್ ಆಗಿ ಸೇರಿ, ಗ್ರೀಸ್ ಹಾಕುತ್ತಾ, ಊಟದ ಹೊತ್ತಲ್ಲಿ ಲಿವರ್ ಮುಟ್ಟುತ್ತಾ ಕಲಿತವರೇ ಹೆಚ್ಚು. ಇನ್‌ಫ್ರಾಸ್ಟ್ರಕ್ಚರ್ ಇಕ್ವಿಪ್‌ಮೆಂಟ್ ಸ್ಕಿಲ್ ಕೌನ್ಸಿಲ್‌ನ ಪ್ರಮಾಣಪತ್ರ ಇದೆ, ಆದರೆ ಮನೆ ಕೆಲಸಕ್ಕೆ ಗಾಡಿ ಕರೆಸುವವರು ಅದನ್ನಿರಲಿ, ಡ್ರೈವಿಂಗ್ ಲೈಸೆನ್ಸನ್ನೂ ಗಾಡಿಯ ವಿಮೆಯನ್ನೂ ಕೇಳುವುದಿಲ್ಲ. ಹಗಲು ಅಗೆದು, ರಾತ್ರಿ ಮಣ್ಣು ತುಂಬಿಸಿ, ಗಾಡಿಯ ಕೆಳಗೇ ಮಲಗಿ ಬೆಳಿಗ್ಗೆ ಆರಕ್ಕೆ ಎದ್ದವನ ಕೈ ಪಕ್ಕದ ಗೋಡೆಯ ಒಂದಡಿ ಹತ್ತಿರ ಹೇಗೆ ನಡೆದೀತು? ಬೇರೆ ರಾಜ್ಯದಿಂದ ಬಂದವರೂ ಬಹಳ ಮಂದಿ. ‘ಸಾಕು, ನಿಲ್ಲಿಸು’ ಎಂದು ನಾಲ್ಕು ಜನ ನಾಲ್ಕು ಕಡೆಯಿಂದ ಕನ್ನಡದಲ್ಲಿ ಕೂಗಿದರೆ ಎಂಜಿನ್ ಸದ್ದಿನಲ್ಲಿ ಅವರಿಗೇನೂ ಕೇಳದು. ಸನ್ನೆ ಮಾಡುವವರು ಒಬ್ಬರೇ ಇರಲಿ, ನಿಲ್ಲಿಸು, ಎತ್ತು, ಇಳಿಸು, ತಿರುಗಿಸು ಎಂಬ ನಾಲ್ಕು ಸನ್ನೆಗಳನ್ನು ಕೆಲಸ ಶುರುವಾಗುವ ಮೊದಲೇ ಇಬ್ಬರೂ ಗೊತ್ತುಮಾಡಿಕೊಂಡಿರಲಿ.

ಪಾಲಿಕೆ, ಪುರಸಭೆ, ಗ್ರಾಮ ಪಂಚಾಯಿತಿಗಳು ನಕ್ಷೆಗೆ ಒಪ್ಪಿಗೆ ಕೊಡುವಾಗ ಪಾಯ ಅಗೆತದ ಬಗ್ಗೆ ಕನ್ನಡದಲ್ಲಿ ಒಂದು ಪುಟದ ಸೂಚನೆಯನ್ನು ಜೊತೆಗೆ ಕೊಡುವುದು ಕಷ್ಟದ ಕೆಲಸವಲ್ಲ. ಕಾರ್ಮಿಕ ಇಲಾಖೆಗೆ ಇನ್ನೊಂದು ಬೇಡಿಕೆ. ನಿಗದಿತ ವೆಚ್ಚ ಮೀರಿದ ಮನೆಗಳಿಂದ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ವೆಚ್ಚದ ಶೇ 1ರಷ್ಟು ಸೆಸ್ ಬರುತ್ತದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಪಡೆಯಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಬೇಕು. ಒಂದು ಮನೆಯಲ್ಲಿ ಆರು ತಿಂಗಳು ಇರುವ ಮೇಸ್ತ್ರಿಗೆ ಅದು ಸಿಗುತ್ತದೆ. ಬೆಳಿಗ್ಗೆ ಒಂದು ಸೈಟು, ಮಧ್ಯಾಹ್ನ ಇನ್ನೊಂದು ಸೈಟು ಎಂದು ಅಲೆಯುವ ಜೆಸಿಬಿ ಆಪರೇಟರ್‌ಗೆ ಯಾವ ಮನೆಯವರು ಸಹಿ ಹಾಕುತ್ತಾರೆ? ಆ ಸಹಿಯನ್ನು ಗಾಡಿಯ ಮಾಲೀಕರೇ ಹಾಕಬೇಕು, ಗಂಟೆ ಮೀಟರಿನ ದಿನಚರಿ ಪುಸ್ತಕವನ್ನೇ ಪುರಾವೆಯಾಗಿ ಒಪ್ಪಿಕೊಳ್ಳಬೇಕು ಎಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ.

ಇಂತಿ,
ಕಟ್ಟಡ ಕೆಲಸ ಬಲ್ಲ ಓದುಗರು, ತುಮಕೂರು