ಅಪ್ಪ-ಅಮ್ಮನ ಜೊತೆ ಅಲಾಸ್ಕಾ ಕ್ರೂಸ್‌ಗೆ ಹೊರಟವಳಿಗೆ

ಚಿ. ಸೌ. ಪುಟ್ಟಿಗೆ,

ನಿನ್ನ ಸೋದರಮಾವನ ಅನೇಕ ಆಶೀರ್ವಾದಗಳು. ಇಲ್ಲಿ ಸಿಯಾಟಲ್‌ನಲ್ಲಿ ನಾವೆಲ್ಲ ಕ್ಷೇಮ.

ಏಪ್ರಿಲ್ ಕೊನೆಗೆ ಅಕ್ಕ, ಭಾವ ನಿನ್ನಲ್ಲಿಗೆ ಬರುತ್ತಾರೆ, ಅವರನ್ನು ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗುವ ಯೋಚನೆ ಇದೆ ಎಂದು ತಿಳಿದು ಬಹಳ ಸಂತೋಷವಾಯಿತು. ಎಪ್ಪತ್ತು ದಾಟಿದವರಿಗೆ ಈ ಕಡೆ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯದು ನನಗಂತೂ ಹೊಳೆಯುವುದಿಲ್ಲ. ದಿನಾ ಸೂಟ್‌ಕೇಸ್ ಕಟ್ಟಿ ಬಿಚ್ಚಬೇಕಿಲ್ಲ, ಗಂಟೆಗಟ್ಟಲೆ ಕಾರಿನಲ್ಲಿ ಕಾಲು ಮಡಚಿ ಕೂರಬೇಕಿಲ್ಲ. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಇನ್ನೊಂದು ಊರು. ಆದರೆ ಆ ಸುಖ ಸಿಗುವುದೂ ಬಿಡುವುದೂ ಬುಕಿಂಗ್ ಮಾಡುವಾಗಲೇ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಬರೆದೇ ತಿಳಿಸೋಣ ಅನ್ನಿಸಿತು.

ಮೊದಲು ವೀಸಾ. ಅಲಾಸ್ಕಾ ಅಮೆರಿಕದ್ದೇ ರಾಜ್ಯ, ಸಿಯಾಟಲ್‌ನಿಂದ ಹತ್ತಿ ಸಿಯಾಟಲ್‌ನಲ್ಲೇ ಇಳಿದರೆ ಬೇರೆ ವೀಸಾ ಯಾಕೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ದೊಡ್ಡ ಕ್ರೂಸ್ ಹಡಗುಗಳು ಬಹುಮಟ್ಟಿಗೆ ಬಹಾಮಾಸ್, ಪನಾಮಾ ಮೊದಲಾದ ಕಡೆ ನೋಂದಣಿಯಾದವು. ಅಂಥ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸುತ್ತಾಡಿಸುವಂತಿಲ್ಲ, ನಡುವೆ ಒಂದು ಪರದೇಶದ ಬಂದರಿಗೆ ಹೋಗಲೇಬೇಕು ಎಂದು 1886ರ ಕಾಯ್ದೆ ಹೇಳುತ್ತದೆ. ಅದಕ್ಕೇ ಸಿಯಾಟಲ್ ಹಡಗುಗಳೆಲ್ಲ ಕೆನಡಾದ ಒಂದು ಬಂದರಿಗೆ, ಸಾಮಾನ್ಯವಾಗಿ ವಿಕ್ಟೋರಿಯಾಕ್ಕೆ, ಕೆಲವು ಗಂಟೆ ಹೋಗಿ ಬರುತ್ತವೆ. ನೀವು ಅಲ್ಲಿ ಕೆಳಗೆ ಇಳಿಯದಿದ್ದರೂ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕೆನಡಾ ವೀಸಾ ಬೇಕು, ಇಲ್ಲದಿದ್ದರೆ ಬಂದರಿನಲ್ಲೇ ವಾಪಸ್ ಕಳಿಸುತ್ತಾರೆ. ಅಕ್ಕ-ಭಾವನ ಅಮೆರಿಕದ ವಿಸಿಟರ್ ವೀಸಾ ಇದಕ್ಕೆ ನಡೆಯುವುದಿಲ್ಲ. ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿರುವ ನಿಮ್ಮಿಬ್ಬರಿಗೂ ಬೇಕು. ಪಾಪುವಿಗೆ ಅಮೆರಿಕದ ಪಾಸ್‌ಪೋರ್ಟ್ ಇದೆ, ಅವನಿಗೆ ಬೇಡ. ಅಕ್ಕ-ಭಾವ ಊರು ಬಿಡುವ ಮುಂಚೆಯೇ ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ಅರ್ಜಿ ಹಾಕಲಿ. ನಿಮ್ಮ ಪಾಸ್‌ಪೋರ್ಟಿನಲ್ಲಿರುವ ಎಚ್-1ಬಿ ಸ್ಟ್ಯಾಂಪಿನ ಅವಧಿ ಮುಗಿದಿದ್ದರೆ ಕಂಪನಿಯ ವಕೀಲರನ್ನು ಕೇಳದೆ ಗಡಿ ದಾಟಬೇಡಿ.

ಇನ್ನು ದಾರಿ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಸಮುದ್ರದಲ್ಲಿ ಸಾಗುತ್ತವೆ. ಕೆನಡಾದ ವ್ಯಾಂಕೂವರ್ ನಗರದಿಂದ ಹೊರಡುವವು ಆ ದ್ವೀಪಕ್ಕೂ ನೆಲಕ್ಕೂ ನಡುವಿನ ಇನ್‌ಸೈಡ್ ಪ್ಯಾಸೇಜ್ ಹಿಡಿಯುತ್ತವೆ. ಅಲ್ಲಿ ನೀರು ಶಾಂತ, ಎರಡೂ ಕಡೆ ಕಾಡು ತುಂಬಿದ ಗುಡ್ಡ. ಆಗುಂಬೆ ಘಾಟಿಯ ಬಸ್ಸಿಗೇ ಅವೊಮಿನ್ ನುಂಗಿ ಕೂರುವವಳು ನಿನ್ನ ಅಮ್ಮ. ಹಾಗಾಗಿ ವ್ಯಾಂಕೂವರ್‌ನಿಂದ ಹೊರಟು ಅಲ್ಲಿಗೇ ಮರಳುವ ಏಳು ರಾತ್ರಿಯ ಪ್ರಯಾಣ ತಗೋ. ಹಾಗೆ ಹೋದರೆ ನೀವು ಕೆನಡಾದೊಳಕ್ಕೆ ಎರಡು ಸಲ ಹೋದಂತಾಗುತ್ತದೆ, ಅಮೆರಿಕಕ್ಕೂ ಮತ್ತೆ ಬರಬೇಕು. ಎರಡೂ ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು ಎಂಬುದನ್ನು ಕಣ್ಣಾರೆ ನೋಡಿಕೋ.

ಹಡಗಿನ ಹೆಸರು, ಅದರಲ್ಲಿರುವ ಈಜುಕೊಳ, ಥಿಯೇಟರ್ ಇವನ್ನೆಲ್ಲ ಆಮೇಲೆ ನೋಡು. ಪ್ರಯಾಣದ ಪಟ್ಟಿಯಲ್ಲಿ ಗ್ಲೇಸಿಯರ್ ಬೇ ಎಂದು ಬರೆದಿದೆಯಾ ಅಂತ ಮೊದಲು ನೋಡು. ಆ ರಾಷ್ಟ್ರೀಯ ಉದ್ಯಾನದೊಳಕ್ಕೆ ದಿನಕ್ಕೆ ಎರಡು ಕ್ರೂಸ್ ಹಡಗಿಗಷ್ಟೇ ಪ್ರವೇಶ, ಆದ್ದರಿಂದ ಎಲ್ಲ ಹಡಗೂ ಅಲ್ಲಿಗೆ ಹೋಗುವುದಿಲ್ಲ. ಉಳಿದವು ಬೇರೆ ಹಿಮನದಿ ತೋರಿಸುತ್ತವೆ, ಅವೂ ಚೆನ್ನಾಗಿಯೇ ಇವೆ. ಆದರೂ ಅಕ್ಕ ಇಷ್ಟು ದೂರ ಮತ್ತೊಮ್ಮೆ ಬರುತ್ತಾಳೋ ಇಲ್ಲವೋ. ಇನ್ನೂರು ಡಾಲರ್ ಹೆಚ್ಚಾದರೂ ಗ್ಲೇಸಿಯರ್ ಬೇ ಬಿಡಬೇಡ.

ಅದು ಎಂಥ ಜಾಗ ಗೊತ್ತಾ? 1794ರಲ್ಲಿ ಬ್ರಿಟಿಷ್ ಕ್ಯಾಪ್ಟನ್ ವ್ಯಾಂಕೂವರ್‌ನ ತಂಡ ಅಲ್ಲಿಗೆ ಬಂದಾಗ ಕೊಲ್ಲಿ ಎನ್ನುವುದು ಹೆಚ್ಚುಕಡಿಮೆ ಇರಲೇ ಇಲ್ಲ, ಬಾಯಿಯಿಂದ ಕೆಲವೇ ಮೈಲಿ ಒಳಗೆ ಹಿಮದ ಗೋಡೆ. 1879ರಲ್ಲಿ ಪ್ರಕೃತಿ ಪ್ರೇಮಿ ಬರಹಗಾರ ಜಾನ್ ಮ್ಯೂರ್ ದೋಣಿಯಲ್ಲಿ ಹೋದಾಗ ಆ ಹಿಮ ನಲವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಹಿಮ ಬೆಳೆದು ಬಂದಾಗ ಹೂನಾ ಟ್ಲಿಂಗಿಟ್ ಎಂಬ ಮೂಲನಿವಾಸಿ ಜನ ತಮ್ಮ ಹಳ್ಳಿ ಬಿಟ್ಟು ಓಡಬೇಕಾಯಿತು, ಆ ನೆಲವನ್ನು ಅವರು ಈಗಲೂ ತಮ್ಮ ತಾಯ್ನೆಲ ಎನ್ನುತ್ತಾರೆ. ಇಷ್ಟನ್ನು ಹಿಂದಿನ ರಾತ್ರಿಯೇ ಅಪ್ಪ-ಅಮ್ಮನಿಗೆ ಹೇಳಿಡು. ಗೊತ್ತಿದ್ದು ನೋಡುವುದಕ್ಕೂ ಸುಮ್ಮನೆ ನೋಡುವುದಕ್ಕೂ ಬಹಳ ವ್ಯತ್ಯಾಸ. ಅಲ್ಲಿ ಹಡಗು ಎಲ್ಲೂ ಕಟ್ಟೆಗೆ ನಿಲ್ಲುವುದಿಲ್ಲ, ಯಾರೂ ಇಳಿಯುವುದಿಲ್ಲ. ಬೆಳಿಗ್ಗೆ ಪಾರ್ಕಿನ ರೇಂಜರ್‌ಗಳೇ ಹಡಗು ಹತ್ತಿ ಬಂದು ಮೈಕಿನಲ್ಲಿ ವಿವರಿಸುತ್ತಾರೆ. ಮಕ್ಕಳಿಗೆ ಜೂನಿಯರ್ ರೇಂಜರ್ ಪುಸ್ತಕ ಕೊಡುತ್ತಾರೆ, ಪಾಪುವಿಗೆ ತಪ್ಪದೆ ಕೇಳಿ ಇಸಿದುಕೋ. ಮಾರ್ಜರಿ ಹಿಮನದಿಯ ಎದುರು ಹಡಗು ಬಹಳ ಹೊತ್ತು ನಿಂತು, ನಿಧಾನವಾಗಿ ತಿರುಗುತ್ತದೆ, ಎರಡೂ ಬದಿಯವರಿಗೂ ಕಾಣುತ್ತದೆ. ಆದ್ದರಿಂದ ಜಾಗಕ್ಕೆ ನೂಕಾಡಬೇಡಿ. ಹಿಮದ ಬಂಡೆ ಮುರಿದು ನೀರಿಗೆ ಬೀಳುವುದು ಮೊದಲು ಕಣ್ಣಿಗೆ ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಫೋನಿನ ಪರದೆಯಲ್ಲಿ ಅದನ್ನು ಹಿಡಿಯಲು ಹೊರಟರೆ ಎರಡೂ ಕೈತಪ್ಪುತ್ತವೆ. ಅವತ್ತು ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡ. ಇಬ್ಬರಿಗೂ ಕಂಬಳಿ ಹೊದಿಸಿ ಡೆಕ್ಕಿನ ಮೇಲೆ ಕೂರಿಸು, ನೀನೂ ಪಕ್ಕದಲ್ಲೇ ಕೂತುಕೋ.

ಕ್ಯಾಬಿನ್ ಹಡಗಿನ ಮಧ್ಯಭಾಗದಲ್ಲಿ, ಸ್ವಲ್ಪ ಕೆಳಗಿನ ಡೆಕ್ಕಿನಲ್ಲಿ ಇದ್ದಷ್ಟೂ ಅಲುಗಾಟ ಕಡಿಮೆ. ಮೇಲೆ ಕೆಳಗೆ ಎರಡೂ ಕಡೆ ಕ್ಯಾಬಿನ್‌ಗಳೇ ಇರುವ ಜಾಗ ಹುಡುಕು, ಅಡಿಗೆಮನೆ, ಥಿಯೇಟರುಗಳ ಸದ್ದು ಬರುವುದಿಲ್ಲ. ಬಾಲ್ಕನಿ ದುಬಾರಿ ನಿಜ. ಆದರೆ ಬೆಳಗಿನ ಜಾವ ನಾಲ್ಕಕ್ಕೇ ಏಳುವ ಭಾವನಿಗೆ ಅದೇ ಜಗಲಿ. ಹಣ ಉಳಿಸಬೇಕಿದ್ದರೆ ಅವರಿಗೆ ಬಾಲ್ಕನಿ ಕೊಟ್ಟು ನೀವು ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ತಗೊಳ್ಳಿ, ಆದಷ್ಟು ಹತ್ತಿರದಲ್ಲೇ. ಬಚ್ಚಲಿನ ಹೊಸ್ತಿಲು ಕೆಲವು ಹಡಗುಗಳಲ್ಲಿ ಎತ್ತರ ಇರುತ್ತದೆ, ರಾತ್ರಿ ಎಡವದಂತೆ ಒಂದು ಸಣ್ಣ ದೀಪ ಹಚ್ಚಿಡು.

ಕಾಲ ಯಾವುದೆಂದರೆ, ಮೇ ಕೊನೆಯಿಂದ ಜೂನ್. ಬೆಟ್ಟಗಳ ಮೇಲೆ ಹಿಮ ಇನ್ನೂ ಇರುತ್ತದೆ, ಮಳೆಯೂ ಆಗಸ್ಟ್-ಸೆಪ್ಟೆಂಬರಿಗಿಂತ ಕಡಿಮೆ, ಜೂನ್ ತಿಂಗಳಲ್ಲಿ ಅಲಾಸ್ಕಾದ ರಾಜಧಾನಿ ಜೂನೋದಲ್ಲಿ ಹದಿನೆಂಟು ಗಂಟೆ ಹಗಲು. ಬೆಳಕಿಗೆ ನಿದ್ದೆ ಬಾರದಿದ್ದರೆ ಪರದೆ ಪೂರ್ತಿ ಎಳೆಯಲು ಹೇಳು.

ಊಟದ ವಿಷಯ ಅಕ್ಕನಿಗೆ ದೊಡ್ಡದು, ಅದನ್ನು ಹಗುರವಾಗಿ ತಗೋಬೇಡ. ಬುಕಿಂಗ್ ಆದ ಕೂಡಲೇ ಸಸ್ಯಾಹಾರ, ಮೊಟ್ಟೆಯೂ ಬೇಡ ಎಂದು ಬರೆಸು. ಹತ್ತಿದ ದಿನವೇ ಡೈನಿಂಗ್ ಹಾಲಿನ ಮುಖ್ಯಸ್ಥರನ್ನು ಕಂಡು ಮಾತಾಡು. ಅಡಿಗೆಯವರಲ್ಲಿ, ಬಡಿಸುವವರಲ್ಲಿ ನಮ್ಮ ದೇಶದವರು ಎಷ್ಟೋ ಜನ ಇರುತ್ತಾರೆ. ಹಿಂದಿನ ರಾತ್ರಿ ಹೇಳಿದರೆ ಮರುದಿನಕ್ಕೆ ಅನ್ನ, ಬೇಳೆ, ಪಲ್ಯ ಮಾಡಿಕೊಡುವ ಹಡಗುಗಳು ಸಾಕಷ್ಟಿವೆ. ಬುಫೆಯಲ್ಲಿ ಹುಷಾರು: ತರಕಾರಿ ಸೂಪು ಕೋಳಿ ಬೇಯಿಸಿದ ನೀರಿನಲ್ಲಿ ಆಗಿರಬಹುದು, ಸೀಸರ್ ಸಲಾಡಿನ ಡ್ರೆಸ್ಸಿಂಗಿನಲ್ಲಿ ಮೀನು ಇರುತ್ತದೆ, ಜೆಲ್ಲಿಯಂಥ ಸಿಹಿಗಳಲ್ಲಿ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ಪ್ರತಿಸಲ ಕೇಳು, ಸಂಕೋಚ ಬೇಡ. ಬೆಳಗಿನ ತಿಂಡಿಯಲ್ಲಿ ಸಪ್ಪೆ ಮೊಸರು ಸಿಗುತ್ತದೆ, ಒಂದು ಬಟ್ಟಲು ಅನ್ನ ಕೇಳಿದರೆ ಮೊಸರನ್ನಕ್ಕೆ ದಾರಿಯಾಯಿತು. ಮನೆಯಲ್ಲಿ ಮಾಡಿದ ಅಡಿಗೆ ಒಳಗೆ ಬಿಡುವುದಿಲ್ಲ. ಅಂಗಡಿಯಿಂದ ತಂದ, ಸೀಲ್ ಒಡೆಯದ ಚಟ್ನಿಪುಡಿ, ಖಾರದ ಅವಲಕ್ಕಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಕೆಟಲ್, ಕುಕ್ಕರ್, ಇಸ್ತ್ರಿಪೆಟ್ಟಿಗೆ ಮಾತ್ರ ತರಲೇಬೇಡ, ಬೆಂಕಿಯ ಭಯಕ್ಕೆ ತೆಗೆದಿಟ್ಟುಕೊಳ್ಳುತ್ತಾರೆ. ಹಣ್ಣು ಕೈಯಲ್ಲಿ ಹಿಡಿದು ಬಂದರಿಗೆ ಇಳಿಯಬೇಡಿ.

ಸೂಟ್‌ಕೇಸ್‌ಗಳನ್ನು ಬಂದರಿನಲ್ಲೇ ಇಸಿದುಕೊಳ್ಳುತ್ತಾರೆ, ಅವು ಕ್ಯಾಬಿನ್ನಿಗೆ ಬರುವುದು ಸಂಜೆಗೆ. ಆದ್ದರಿಂದ ಬಿಪಿ, ಸಕ್ಕರೆ ಮಾತ್ರೆಗಳು, ಚೀಟಿ, ಪಾಸ್‌ಪೋರ್ಟ್, ಒಂದೊಂದು ಸ್ವೆಟರ್ ಕೈಚೀಲದಲ್ಲೇ ಇರಲಿ. ವಾಂತಿ ಬಾರದ ಮಾತ್ರೆ ಭಾವನಿಗೆ ಕೊಡುವ ಮುಂಚೆ ವೈದ್ಯರನ್ನು ಕೇಳು. ಪ್ರಾಸ್ಟೇಟ್ ಅಥವಾ ಕಣ್ಣಿನ ಒತ್ತಡದ ತೊಂದರೆ ಇರುವವರಿಗೆ ಕೆಲವು ಆಗಿಬರುವುದಿಲ್ಲ. ಹಡಗಿನಲ್ಲಿ ಡಾಕ್ಟರು ಇರುತ್ತಾರೆ, ಆದರೆ ಬಿಲ್ಲು ನೇರವಾಗಿ ನಿನ್ನ ಮೇಲೆ. ಅಪ್ಪ-ಅಮ್ಮನಿಗೆ ಮಾಡಿಸುವ ವಿಸಿಟರ್ ಇನ್ಶೂರೆನ್ಸ್ ಸಮುದ್ರದ ಮೇಲೂ ಕೆನಡಾದಲ್ಲೂ ನಡೆಯುತ್ತದೆಯಾ, ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ಎಂದು ಓದಿಯೇ ಹಣ ಕಟ್ಟು. ಊಟಕ್ಕೆ ಮುಂಚೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ. ಹಡಗುಗಳಲ್ಲಿ ಹರಡುವ, ವಾಂತಿಭೇದಿ ತರುವ ನೊರೊವೈರಸ್‌ಗೆ ಬರೀ ಸ್ಯಾನಿಟೈಸರ್ ಸಾಲದು.

ಹಣದ ಲೆಕ್ಕ ಟಿಕೆಟ್ಟಿಗೆ ಮುಗಿಯುವುದಿಲ್ಲ. ಗ್ರಾಚುಯಿಟಿ, ಅಂದರೆ ಹಡಗಿನ ಕೆಲಸದವರ ಭಕ್ಷೀಸು, ಎಂದು ತಲೆಗೆ ದಿನಕ್ಕೆ ಸುಮಾರು 20 ಡಾಲರ್ ತಾನಾಗಿಯೇ ಸೇರುತ್ತದೆ, ಐವರಿಗೆ ಏಳು ರಾತ್ರಿಗೆ 700 ಡಾಲರ್ ಆಸುಪಾಸು. ಬೆಳಗಿನಿಂದ ಮಧ್ಯರಾತ್ರಿಯವರೆಗೆ ದುಡಿಯುವ ಜನರಿಗೆ ಸೇರುವ ದುಡ್ಡು ಅದು, ತೆಗೆಸಬೇಡ. ಕುಡಿಯುವವರು ಯಾರೂ ಇಲ್ಲದ ಮನೆಗೆ ಡ್ರಿಂಕ್ಸ್ ಪ್ಯಾಕೇಜ್ ದಂಡ. ನೀರು, ಟೀ, ಕಾಫಿ ಬುಫೆಯಲ್ಲಿ ಹೇಗೂ ಇವೆ. ಕೊನೆಯ ಕಂತು ಕಟ್ಟುವ ಮುಂಚೆ ದರ ಇಳಿದಿದ್ದರೆ ಕೇಳಿ ಕಡಿಮೆ ಮಾಡಿಸಿಕೊಳ್ಳಬಹುದು, ಆಗಾಗ ನೋಡುತ್ತಿರು. ಸಮುದ್ರದ ನಡುವೆ ಫೋನುಗಳು ಏರ್‌ಪ್ಲೇನ್ ಮೋಡಿನಲ್ಲಿರಲಿ, ಹಡಗಿನ ಟವರ್ ಹಿಡಿದರೆ ಬಿಲ್ಲು ಕಣ್ಣೀರು ತರಿಸುತ್ತದೆ. ಇನ್ನೊಂದು ಮಾತು, ಯಾವುದರ ಬೆಲೆಯನ್ನೂ ಅಕ್ಕನ ಎದುರಿಗೆ ರೂಪಾಯಿಗೆ ತಿರುಗಿಸಿ ಹೇಳಬೇಡ. ಹೇಳಿದೆಯೋ, ಆಮೇಲೆ ಅವಳು ಏನೂ ಬೇಕು ಎನ್ನುವುದಿಲ್ಲ.

ಬಂದರುಗಳಲ್ಲಿ ಎಲ್ಲ ಕಡೆಯೂ ಹಣ ಕೊಟ್ಟು ಸುತ್ತಬೇಕಾಗಿಲ್ಲ. ನನ್ನ ಅಭಿಪ್ರಾಯದಲ್ಲಿ ಎರಡೇ ಸಾಕು. ಜೂನೋದಲ್ಲಿ ತಿಮಿಂಗಿಲ ನೋಡುವ ದೋಣಿ. ಚಳಿಗಾಲವನ್ನು ಹವಾಯಿ ಕಡೆ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಅಲ್ಲಿಗೇ ಬರುತ್ತವೆ. ಒಳಗೆ ಬೆಚ್ಚಗಿರುವ, ಶೌಚಾಲಯ ಇರುವ ದೋಣಿಯೇ ಬೇಕು ಎಂದು ಕೇಳಿ ಬುಕ್ ಮಾಡು. ಅದೇ ದಿನ ಮೆಂಡೆನ್‌ಹಾಲ್ ಹಿಮನದಿಯನ್ನೂ ಸೇರಿಸಿ ತೋರಿಸುವವರಿದ್ದಾರೆ, ಅಲ್ಲಿ ಮಂಡಿನೋವಿನವರೂ ನಡೆಯಬಲ್ಲ ಸಮತಟ್ಟಾದ ದಾರಿ ಇದೆ. ಎರಡನೆಯದು ಸ್ಕ್ಯಾಗ್ವೇಯ ವೈಟ್ ಪಾಸ್ ರೈಲು. 1898ರಲ್ಲಿ ಶುರುವಾಗಿ 1900ರಲ್ಲಿ ಮುಗಿದ ಕಿರು ಹಳಿ, ಬಂದರಿನಿಂದ ಇಪ್ಪತ್ತು ಮೈಲಿಯೊಳಗೆ 2,800 ಅಡಿಗೂ ಹೆಚ್ಚು ಏರುತ್ತದೆ. ಚಿನ್ನದ ಆಸೆಗೆ ಕೆನಡಾದ ಕ್ಲಾಂಡೈಕ್‌ಗೆ ಹೊರಟವರು ವರ್ಷಕ್ಕಾಗುವಷ್ಟು, ಸುಮಾರು ಒಂದು ಟನ್ ಸಾಮಾನು ಹೊತ್ತು ಆ ಕಣಿವೆ ಹತ್ತಬೇಕಿತ್ತು. ಹತ್ತುವಾಗ ಎಡಗಡೆ ಕಿಟಕಿ ಹಿಡಿಯಿರಿ. ರೈಲ್ವೆಯಲ್ಲಿ ಜೀವಮಾನ ಕಳೆದ ಭಾವ ಅವತ್ತು ಇಡೀ ದಿನ ಮಾತಾಡುತ್ತಾರೆ, ಮಾತಾಡಲಿ ಬಿಡು.

ಕೆಚಿಕನ್‌ನಲ್ಲಿ ಸುಮ್ಮನೆ ಕೊಡೆ ಹಿಡಿದು ನಡೆಯಿರಿ. ವರ್ಷಕ್ಕೆ 3,500 ಮಿ.ಮೀ.ಗೂ ಮೇಲೆ ಮಳೆ ಬೀಳುವ ಊರು, ತೀರ್ಥಹಳ್ಳಿಯವರಿಗೆ ಹೊಸದೇನಲ್ಲ. ಮೂಲನಿವಾಸಿಗಳು ಮರದಲ್ಲಿ ಕೆತ್ತಿದ ಟೋಟೆಮ್ ಕಂಬಗಳನ್ನು ನೋಡಿ, ಕಾಫಿ ಕುಡಿದು ಬನ್ನಿ. ಇವೆಲ್ಲ ಪುಟ್ಟ ಊರುಗಳು. ಸ್ಕ್ಯಾಗ್ವೇಯಲ್ಲಿ ವರ್ಷಪೂರ್ತಿ ಇರುವವರು ಸಾವಿರ ಚಿಲ್ಲರೆ ಜನ. ಜೂನೋದಲ್ಲಿ ಜನಜಂಗುಳಿ ತಾಳಲಾರದೆ 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂದು ಮಿತಿ ಹಾಕಿಕೊಂಡರು. ಅವರ ಬೀದಿಯಲ್ಲಿ ಅತಿಥಿಗಳಾಗಿ ನಡೆದುಕೊಳ್ಳಿ.

ಗಡಿಯಾರದ ಬಗ್ಗೆ ಎಚ್ಚರ. ಅಲಾಸ್ಕಾ ಸಮಯ ಸಿಯಾಟಲ್, ವ್ಯಾಂಕೂವರ್ ಸಮಯಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಯಾವ ಸಮಯ ಪಾಲಿಸುತ್ತದೆಂದು ದಿನಾ ಬೆಳಿಗ್ಗೆ ನೋಡಿ ಭಾವನ ಕೈಗಡಿಯಾರಕ್ಕೆ ಹೊಂದಿಸಿಕೊಡು. ಹಡಗಿನವರ ಮೂಲಕ ಬುಕ್ ಮಾಡಿದ ಸುತ್ತಾಟ ತಡವಾದರೆ ಕಾಯುತ್ತಾರೆ, ಹೊರಗಿನವರದ್ದಾದರೆ ಕಾಯುವುದಿಲ್ಲ. ವಯಸ್ಸಾದವರ ಜೊತೆ ಇರುವಾಗ ಹತ್ತಿಪ್ಪತ್ತು ಡಾಲರ್ ಉಳಿಸಲು ಆ ಆತಂಕ ಬೇಡ. ಬಂದರಿನಲ್ಲಿ ಸಾಲು ಉದ್ದ ಇರುತ್ತದೆ, ವ್ಯಾಂಕೂವರ್‌ನಲ್ಲಿ ಹತ್ತುವಾಗಲೇ ಅಮೆರಿಕದ ಇಮಿಗ್ರೇಷನ್ ತಪಾಸಣೆಯೂ ಆಗುತ್ತದೆ. ಅಕ್ಕನಿಗೆ ಗಾಲಿಕುರ್ಚಿ ಮೊದಲೇ ಹೇಳಿಡು. ನಾಚಿಕೆ ಪಟ್ಟುಕೊಂಡರೂ ಕೂರಿಸು.

ಬಟ್ಟೆ ಪದರ ಪದರವಾಗಿರಲಿ, ಮೇಲೆ ನೀರು ಇಳಿಯದ ಒಂದು ಕೋಟು, ಜಾರದ ಬೂಟು. ಸೀರೆಯ ಒಳಗೆ ಥರ್ಮಲ್ ಹಾಕಿದರೆ ಆಯಿತು. ಒಂದು ಸಂಜೆ ಎಲ್ಲರೂ ಅಲಂಕಾರ ಮಾಡಿಕೊಂಡು ಊಟಕ್ಕೆ ಬರುತ್ತಾರೆ, ಅವತ್ತಿಗೆ ಅಕ್ಕ ರೇಷ್ಮೆ ಸೀರೆ ಉಡಲಿ. ಉಣ್ಣೆ ಟೋಪಿ, ಬೈನಾಕ್ಯುಲರ್ ನಮ್ಮಲ್ಲೇ ಇವೆ, ಕೊಳ್ಳಬೇಡ.

ಪುಟ್ಟಿ, ನೀನು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವವಳು, ಅದೇ ನನಗೆ ಸ್ವಲ್ಪ ಚಿಂತೆ. ಏಳು ದಿನವೂ ನೀನೇ ಪಟ್ಟಿ ಹಿಡಿದು ಓಡಾಡಬೇಡ. ಒಂದೊಂದು ದಿನ ಮುಂಜಾನೆಯ ಜವಾಬ್ದಾರಿ ಅಳಿಯಂದಿರದಾಗಲಿ. ಸಮುದ್ರದ ಮೇಲೇ ಕಳೆಯುವ ದಿನ ಅಮ್ಮನ ಪಕ್ಕ ಸುಮ್ಮನೆ ಕೂತಿರು. ನೀನು ಮದುವೆಯಾಗಿ ಬಂದ ಮೇಲೆ ನಿಮ್ಮಿಬ್ಬರಿಗೆ ಅಡಿಗೆಮನೆಯ ಗಡಿಬಿಡಿ ಇಲ್ಲದೆ ಮಾತಾಡಲು ಹೊತ್ತು ಸಿಕ್ಕಿದ್ದೇ ಕಡಿಮೆ. ಅವಳಿಗೆ ಏನು ನೋಡಬೇಕೆಂದಿದೆ ಎಂದು ಕೇಳು. ಮೊದಲ ಸಲ “ನಿಮ್ಮಿಷ್ಟ” ಅನ್ನುತ್ತಾಳೆ, ಎರಡನೆಯ ಸಲವೂ ಕೇಳು.

ವ್ಯಾಂಕೂವರ್ ಇಲ್ಲಿಂದ ಕಾರಿನಲ್ಲಿ ಮೂರು ಗಂಟೆ, ಗಡಿಯಲ್ಲಿ ಸಾಲಿದ್ದರೆ ಇನ್ನೂ ಹೆಚ್ಚು. ಹಡಗು ಹೊರಡುವ ದಿನವೇ ವಿಮಾನ ಹತ್ತುವ ಯೋಚನೆ ಬೇಡ. ಎರಡು ದಿನ ಮುಂಚೆ ನಮ್ಮ ಮನೆಗೆ ಬನ್ನಿ, ಹಿಂದಿನ ದಿನ ನಾನೇ ಕರೆದುಕೊಂಡು ಹೋಗಿ ಅಲ್ಲಿ ಹೋಟೆಲಿಗೆ ಬಿಡುತ್ತೇನೆ. ನಿನ್ನ ಅತ್ತೆ ಆಗಲೇ ಮೇಲಿನ ಕೋಣೆಯ ಮಂಚವನ್ನು ಕೆಳಗಿಳಿಸಲು ಹೇಳಿದ್ದಾಳೆ, ಅಕ್ಕ ಮೆಟ್ಟಿಲು ಹತ್ತುವುದು ಬೇಡ ಅಂತ. ಹೊರಡುವ ತಾರೀಖು ಗೊತ್ತಾದ ದಿನವೇ ತಿಳಿಸು, ನಾನು ಆ ವಾರ ರಜೆ ಹಾಕಬೇಕು.

ಪಾಪುವಿಗೆ ಮುದ್ದು, ಅಳಿಯಂದಿರಿಗೆ ಆಶೀರ್ವಾದ.

ಇಂತಿ,
ನಿನ್ನ ಸೋದರಮಾವ